ಲೈಟ್‌ಹೌಸಿನ ನೆಗೆಣ್ಣಿ

ಅವಳ ಹೆಸರು ಬರೆಯುವುದಿಲ್ಲ. ಬರೆದರೆ, "ಸತ್ತ ಮ್ಯಾಲೂ ಅಕ್ಕೋರು ಆಕಿ ಬೆನ್ನ ಬಿಡಲಿಲ್ಲ ನೋಡ್ರಿ" ಎಂದು ತಿರ್ಲಾಪುರದ ನಮ್ಮ ಓಣಿಯವರು ಅನ್ನುತ್ತಾರೆ. ಅನ್ನಲಿ ಬಿಡಿ, ಅದರಲ್ಲಿ ಸುಳ್ಳೇನೂ ಇಲ್ಲ. ಅವಳು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂತು ರೊಟ್ಟಿ ಬಡಿದವರು ನಾವು. ಅಷ್ಟು ವರ್ಷಗಳಲ್ಲಿ ಅವಳನ್ನು ಕಂಡು ನನ್ನ ಹೊಟ್ಟೆ ಉರಿಯದ ದಿನ ಒಂದನ್ನು ತೋರಿಸು ಎಂದರೆ ನನ್ನಿಂದಾಗದು. ಹೋದ ತಿಂಗಳು ತೀರಿಕೊಂಡಳು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವಳು ಬರುವ ಮುಂಚೆ ಆ ಮನೆಯಲ್ಲಿ ನಾನು ಏನಾಗಿದ್ದೆ ಎಂಬುದನ್ನು ಮೊದಲು ಹೇಳಬೇಕು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಊರ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಓಣಿಗೆಲ್ಲ ನಾನು 'ಅಕ್ಕೋರು', ಮನೆಗೆ 'ಓದಿದ ಸೊಸಿ'. ಮಾವನವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಪೇಪರಿನ ಹುಚ್ಚು ವಿಪರೀತ. ಹೆಡ್ ಮಾಸ್ತರರು ಓದಿ ಇಟ್ಟ ಪೇಪರನ್ನು ಮರುದಿನ ನಾನು ಮನೆಗೆ ತರುತ್ತಿದ್ದೆ. ಸಂಜೆ ಮಾವನವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತು, "ಓದಬೇ ತಂಗಿ, ಏನಂತೈತಿ ಜಗತ್ತು?" ಅನ್ನುವರು. ನಾನು ಗಂಟಲು ಸರಿಮಾಡಿಕೊಂಡು ಮೊದಲ ಪುಟದಿಂದ ಶುರುಮಾಡುತ್ತಿದ್ದೆ. ಬಾಜು ಮನೆಯವರೂ ಬಂದು ಕೂರುತ್ತಿದ್ದರು. ನಾನು ಓದುವಾಗ ಯಾರಾದರೂ ಕೆಮ್ಮಿದರೆ ಮಾವನವರು ಗದರುತ್ತಿದ್ದರು. ದಿನದ ಆ ಒಂದು ತಾಸು ನನ್ನದಾಗಿತ್ತು.

ಆಮೇಲೆ ಇವಳು ಬಂದಳು. ಅವಳ ಅಪ್ಪ ಅಣ್ಣಿಗೇರಿ ಕಡೆಯವನೇ. ಹರೆಯದಲ್ಲಿ ಕರಾವಳಿಗೆ ಹೋಗಿ ಅಲ್ಲಿನ ಒಂದು ಹಳೆಯ ದೀಪಸ್ತಂಭದಲ್ಲಿ ಸರಕಾರಿ ಕೆಲಸಕ್ಕೆ ಸೇರಿದವನು. ದೀಪ ನೋಡಿಕೊಳ್ಳುವ ಸಾಹೇಬರು ಬೇರೆ ಇದ್ದರು. ಇವನದು ಎಣ್ಣೆಯ ಡಬ್ಬಿ ಮೇಲಕ್ಕೆ ಹೊರುವ, ಗಾಜು ಒರೆಸುವ ಕೆಲಸ. ಇವಳು ಹುಟ್ಟಿ ಬೆಳೆದದ್ದು ಅಲ್ಲೇ, ದೀಪಸ್ತಂಭದ ಬುಡದ ಎರಡು ಕೋಣೆಯ ಮನೆಯಲ್ಲಿ. ಮದುವೆಯ ಮಾತು ಬಂದಾಗ ಅಪ್ಪನಿಗೆ ತನ್ನ ಕಡೆಯ ಮನೆತನವೇ ಬೇಕೆನಿಸಿ, ನಮ್ಮ ಎರೆಮಣ್ಣಿಗೆ ತಂದು ಕೊಟ್ಟ. ಬಂದ ಎರಡನೆಯ ದಿನ ಓಣಿಯ ಹೆಂಗಸರು ಸುತ್ತ ಕೂತು, "ನಿನ್ನ ತವರಮನಿ ಎಷ್ಟ ದೊಡ್ಡದೈತಬೇ?" ಎಂದು ಕೇಳಿದರು. ಇವಳು ತಲೆ ಎತ್ತಿ, "ನೂರಾ ಇಪ್ಪತ್ತೆರಡ ಮೆಟ್ಟಲಾ ಐತ್ರಿ" ಅಂದಳು. ಹೊಸ ಸೊಸೆ ಹಾಗೆಲ್ಲ ಮಾತಾಡಬಾರದು. ಆದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು, ಮಾವನವರೂ ಸೇರಿ.

ಮಾವನವರು ಅದನ್ನು ಗುಡಿಯ ಮುಂದಿನ ದೀಪದ ಕಂಬ ಎಂದೇ ತಿಳಿದಿದ್ದರು. "ದಿನಾ ಎಷ್ಟ ಎಣ್ಣಿ ಹಾಕತಿದ್ರಬೇ ತಂಗಿ? ಊರ ಮಂದಿ ಪಾಳಿ ಮ್ಯಾಲ ಕೊಡತಿದ್ರೇನು?"

"ಸರಕಾರದವ್ರ ಕೊಡತಿದ್ರರಿ ಮಾವಾರ. ಚಿಮಣಿ ಎಣ್ಣಿ."

"ಚಿಮಣಿ ಎಣ್ಣಿ! ಯಾವ ದೇವ್ರ ಮುಂದ?"

"ದೇವ್ರ ಇಲ್ರಿ. ದೂರ ಸಮುದ್ರದಾಗ ಹಡಗಿನವ್ರ ಹೋಗತಿರತಾರಲ್ರಿ, ಅವ್ರಿಗೆ."

"ನಿಮ್ಮ ಪರಿಚಯದವ್ರೇನು?"

"ಇಲ್ರಿ. ಯಾರಂತ ನಮಗ್ಯಾಕ ಗೊತ್ತಿರತೈತ್ರಿ?"

ಮಾವನವರು, "ಗುರ್ತಿಲ್ಲದವ್ರಿಗೆ ದೀಪಾ ಹಚ್ಚೂದು. ಇದು ದೊಡ್ಡ ಕೆಲಸ ಬಿಡಬೇ" ಅಂದರು. ನಾನು ಕೈಯಲ್ಲಿ ಪೇಪರು ಹಿಡಿದುಕೊಂಡು ಕೂತಿದ್ದೆ. ಅವತ್ತು ಅದನ್ನು ಓದು ಎಂದು ಯಾರೂ ಹೇಳಲಿಲ್ಲ.

ಅವತ್ತಿನಿಂದ ನನ್ನ ತಾಸು ಅರ್ಧವಾಯಿತು. ನಾನು ಎರಡು ಪುಟ ಮುಗಿಸುವಷ್ಟರಲ್ಲಿ ಮಾವನವರು ಅಡಿಗೆಮನೆಯ ಕಡೆ ಕತ್ತು ಹೊರಳಿಸಿ, "ತಂಗಿ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದಿಬೇ?" ಅನ್ನುತ್ತಿದ್ದರು. ಇವಳು ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುತ್ತಿದ್ದಳು. ಕೂತು ಹೇಳುವ ಹೆಂಗಸಲ್ಲ ಅವಳು. ಅವಳಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನ ಗಾಜಿಗೆ ಹತ್ತಿದ ಉಪ್ಪನ್ನು ಹೊರಗಿನಿಂದ ಒರೆಸುತ್ತಿದ್ದುದನ್ನು ಹೇಳುವಾಗ, ನಮ್ಮ ಪಡಸಾಲೆಯ ಕಂಬವನ್ನೇ ಒಂದು ಕೈಯಿಂದ ಅಪ್ಪಿಕೊಂಡು ಹೊರಗೆ ವಾಲಿ ತೋರಿಸುತ್ತಿದ್ದಳು. ಕಂಬಕ್ಕೆಲ್ಲ ಹಿಟ್ಟು. ಹಿಂದೆ ನನ್ನಿಂದ ಅಲ್ಲಿ ಒಂದು ತೊಟ್ಟು ನೀರು ಚೆಲ್ಲಿದ್ದಕ್ಕೆ ಬೈದಿದ್ದ ಮಾವನವರು ಈಗ ಕಣ್ಣರಳಿಸಿ, "ಬಿದ್ದೀಬೇ, ಹುಷಾರ!" ಎಂದು ಕೂಗುತ್ತಿದ್ದರು.

ನಾನು ತಪ್ಪು ಹುಡುಕಲು ಶುರುಮಾಡಿದೆ. ಅದು ನನ್ನ ಕಸುಬು, ಮಕ್ಕಳ ಪಾಟಿಯಲ್ಲಿ ದಿನವೂ ಮಾಡುವ ಕೆಲಸ. "ಮೊನ್ನೆ ನೂರಾ ಇಪ್ಪತ್ತೆರಡ ಅಂದಿದ್ದಿ, ಇವತ್ತ ನೂರಾ ಇಪ್ಪತ್ತಾರ ಆದ್ವಲ್ಲ ಮೆಟ್ಟಲಾ?" ಎಂದು ಎಲ್ಲರ ಮುಂದೆ ಕೇಳಿದೆ. "ಅವತ್ತ ಕೆಳಗಿನ ಕಟ್ಟಿವು ನಾಕ ಬಿಟ್ಟಿದ್ದೆರಿ ಅಕ್ಕಾ" ಅಂದಳು, ಒಂದು ಕ್ಷಣವೂ ತಡಮಾಡದೆ. "ಲೈಟೌಸು ಅನಬಾರದು, ದೀಪಸ್ತಂಭ ಅನಬೇಕು" ಎಂದು ತಿದ್ದಿದರೆ, "ಹೌದ್ರಿ ಅಕ್ಕಾ" ಎಂದು ಒಪ್ಪಿಕೊಂಡು ಮುಂದಿನ ಮಾತಿನಲ್ಲೇ ಮತ್ತೆ ಲೈಟೌಸು ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಶಾಲೆಯಲ್ಲಿ ಸಮುದ್ರದ ಪಾಠ ಮಾಡುವಾಗ ನನ್ನ ಸ್ವಂತ ಮಗಳೇ ಎದ್ದು ನಿಂತು, "ಚಿಗವ್ವ ಹಂಗ ಹೇಳಿಲ್ರಿ ಅಕ್ಕೋರ" ಅಂದಳು. ನಾನು ಆವರೆಗೆ ಸಮುದ್ರ ನೋಡಿರಲಿಲ್ಲ. ಇಡೀ ವರ್ಗಕ್ಕೆ ಅದು ಗೊತ್ತಿತ್ತು.

ಅವಳೇನು ಮಹಾ ಗುಣವಂತೆ ಎಂದುಕೊಳ್ಳಬೇಡಿ. ರೊಟ್ಟಿ ಕೊನೆಯವರೆಗೂ ನೆಟ್ಟಗೆ ಬರಲಿಲ್ಲ, ನಡುವೆ ದಪ್ಪ, ಅಂಚು ಹರಕು. ಹಟಮಾರಿ. ಒಂದು ವಿಚಿತ್ರ ರೂಢಿ ಬೇರೆ. ಬಿಸಿಲಿಗೆ ಹೊಳೆಯುವ ವಸ್ತು ಯಾವುದು ಕಂಡರೂ ಅದರ ಮೇಲೆ ಬಟ್ಟೆ ಹೊದಿಸುವಳು. ದೀಪಸ್ತಂಭದ ದೊಡ್ಡ ಗಾಜಿನ ಸುತ್ತ ಹಗಲೆಲ್ಲ ಪರದೆ ಎಳೆದಿರಬೇಕಂತೆ, ಇಲ್ಲದಿದ್ದರೆ ಸೂರ್ಯನ ಬಿಸಿಲು ಅದರೊಳಗೆ ಕೂಡಿಕೊಂಡು ಬೆಂಕಿ ಹತ್ತುತ್ತದಂತೆ. ಬೆಳಿಗ್ಗೆ ಪರದೆ ಎಳೆಯುವುದು ಇವಳ ಪಾಲಿನ ಕೆಲಸವಾಗಿತ್ತು. ಆ ಅಭ್ಯಾಸದ ಮೇಲೆ ನನ್ನ ಕಿಟಕಿಯ ಬದಿಯ ಕನ್ನಡಿಗೆ, ನಾನು ಇನ್ನೂ ಹೊಲಿಸದಿದ್ದ ಹೊಸ ಕುಬಸದ ಖಣವನ್ನು ಎತ್ತಿ ಹೊದಿಸಿದ್ದಳು. "ನಿಮ್ಮಪ್ಪನ ಲೈಟೌಸ ಅಲ್ಲಬೇ ಇದು, ನನ್ನ ಮಕಾ ನೋಡಕೊಳ್ಳೂ ಕನ್ನಡಿ!" ಎಂದು ಚೀರಿದೆ. "ಮನಿ ಸುಟ್ಟ ಮ್ಯಾಲ ಯಾವ ಮಕಾ ನೋಡಕೋತೀರಿ?" ಎಂದು ತಿರುಗಿ ಕೇಳಿದಳು. ಎರಡು ದಿನ ನಾವು ಮಾತು ಬಿಟ್ಟೆವು.

ಅವಳಪ್ಪ ತೀರಿಕೊಂಡದ್ದು ಅವಳು ಬಂದ ಮೂರನೆಯ ವರ್ಷ. ಅವನದು ಒಂದೇ ಒಂದು ಫೋಟೋ ಇತ್ತು. ಖಾಕಿ ಅಂಗಿ, ಕೈಯಲ್ಲಿ ಎಣ್ಣೆಯ ಡಬ್ಬಿ, ಹಿಂದೆ ಆ ದೊಡ್ಡ ಗಾಜು, ಫೋಟೋದವನು ಕ್ಲಿಕ್ಕಿಸಿದಾಗ ಕಣ್ಣು ಅರ್ಧ ಮುಚ್ಚಿಕೊಂಡಿದ್ದಾನೆ. ಅದನ್ನು ದೇವರ ಜಗಲಿಯ ಪಕ್ಕದಲ್ಲಿ ತೂಗುಹಾಕಿದ್ದಳು. ದಿನವೂ ಒರೆಸುತ್ತಿದ್ದಳು. "ಇಷ್ಟ ವರ್ಷ ಆ ದೀಪಾ ತಿಕ್ಕಿ ತಿಕ್ಕಿ ಸತ್ತ, ಅಲ್ಲೆ ಅವನ ಹೆಸರ ಸುದ್ದಾ ಇಲ್ರಿ. ಎಲ್ಲಾರೆ ಒಂದ ಕಡೆ ಅವನ ಮಕಾ ಇರಬೇಕಿತ್ತು" ಎಂದು ಒಮ್ಮೆ ನನ್ನ ಮುಂದೆಯೇ ಹೇಳಿದ್ದಳು. ನಾನು ಹೂಂ ಅಂದಿದ್ದೆ. ಅವಳಿಗೆ ಬೇಕಾದದ್ದು ಅದೊಂದೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಮಾಡಿದ್ದನ್ನು ಈಗ ಹೇಳುತ್ತೇನೆ. ಒಂದು ಸಂಜೆ ಎಂದಿನಂತೆ ಓದುತ್ತಿದ್ದೆ. ಮೂರನೆಯ ಪುಟದ ಮೂಲೆಯಲ್ಲಿ ಸಣ್ಣ ಸುದ್ದಿಯೊಂದು ಕಣ್ಣಿಗೆ ಬಿತ್ತು. ಅದೇ ಊರು, ಅದೇ ದೀಪಸ್ತಂಭ. ಪಕ್ಕದಲ್ಲಿ ಹೊಸದು ಕಟ್ಟಿದ್ದಾರೆ. ಹಳೆಯದನ್ನು ಕೆಡವದೆ ಕಾಪಾಡಿಕೊಂಡು, ಜನ ಹತ್ತಿ ನೋಡುವ ಹಾಗೆ ಮಾಡುತ್ತಾರೆ. ಕೆಳಗಿನ ಕೋಣೆಯಲ್ಲಿ ಹಳೆಯ ಸಾಮಾನು, ಹಳೆಯ ಫೋಟೋ ಜೋಡಿಸುತ್ತಾರೆ. ಅಲ್ಲಿ ದುಡಿದವರ ಮನೆಯವರು ಫೋಟೋ ಇದ್ದರೆ ಒಂದು ತಿಂಗಳೊಳಗೆ ಕಳಿಸಬೇಕು. ಅಡಿಗೆಮನೆಯಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಓದಿದರೆ ಏನಾಗುತ್ತದೆ ಎಂಬುದೆಲ್ಲ ಒಮ್ಮೆಲೇ ಕಣ್ಣಮುಂದೆ ಬಂತು. ಮಾವನವರು ಎದ್ದು ನಿಲ್ಲುತ್ತಾರೆ. ಓಣಿಯೆಲ್ಲ ಸೇರುತ್ತದೆ. ಅವಳಪ್ಪನ ಫೋಟೋ ಸರಕಾರಿ ಗೋಡೆಯ ಮೇಲೆ ಏರುತ್ತದೆ. ಆಮೇಲೆ ನನ್ನ ಪೇಪರನ್ನು ಕೇಳುವವರು ಯಾರು? ನನ್ನಪ್ಪನೂ ನಲವತ್ತು ವರ್ಷ ಒಕ್ಕಲುತನ ಮಾಡಿದ್ದ, ಅವನ ಫೋಟೋ ಎಲ್ಲೂ ಇರಲಿಲ್ಲ. ನಾನು ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದು, ಬಾಜುವಿನ ಮಳೆಯ ಸುದ್ದಿಗೆ ಹೋದೆ.

"ಅಷ್ಟನಬೇ ಆ ಪುಟಾ?" ಎಂದರು ಮಾವನವರು.

"ಅಷ್ಟ್ರಿ ಮಾವಾರ" ಅಂದೆ.

ಆ ಹಾಳೆಯನ್ನು ಜೋಳದ ಡಬ್ಬಿಯ ಕೆಳಗೆ ಹಾಸಿಬಿಟ್ಟೆ. ನಾಳೆ ಓದಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು. ನಾಳೆ ಬಂತು, ನಾಡಿದ್ದೂ ಬಂತು. ತಿಂಗಳು ಕಳೆಯಿತು. ನಾನು ಓದಲಿಲ್ಲ.

ಆದರೆ ಸುದ್ದಿ ಬೇರೆ ದಾರಿಯಿಂದ ಬಂತು. ಹತ್ತಿ ಬಿಡಿಸುವ ಕೆಲಸ ಮುಗಿದಿತ್ತು. ನವಲಗುಂದದ ಸಂಬಂಧಿಕರೊಬ್ಬರು ಮಾತಾಡಿಸಲು ಬಂದವರು, ತಾವು ಕರಾವಳಿಗೆ ಹೋಗಿದ್ದಾಗ ಆ ದೀಪಸ್ತಂಭ ಹತ್ತಿ ಬಂದುದನ್ನು ಹೇಳಿದರು. ಮಾವನವರು ಆ ಕ್ಷಣವೇ ಅಪ್ಪಣೆ ಕೊಟ್ಟರು, "ಹೋಗೂಣು. ನಾ ಸಾಯೂದರಾಗ ಒಮ್ಮೆ ನೋಡಬೇಕದನ್ನ." ನನ್ನ ಗಂಡ ಹೊಲ ಬಿಟ್ಟು ಬರಲಿಲ್ಲ. ಮಾವನವರು, ಮೈದುನ, ನಾವಿಬ್ಬರು ನೆಗೆಣ್ಣಿಯರು ಹೊರಟೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿಯುವಷ್ಟರಲ್ಲಿ ನಾನು ಮೂರು ಸಲ ವಾಂತಿ ಮಾಡಿಕೊಂಡೆ. ನನ್ನ ಹಣೆ ಹಿಡಿದುಕೊಂಡವಳು ಅವಳೇ. ಅದಕ್ಕೂ ನನಗೆ ಸಿಟ್ಟು ಬಂತು.

ಮಾವನವರ ಕೈಚೀಲದಲ್ಲಿ ಏನಿದೆ ಎಂಬುದು ದೀಪಸ್ತಂಭದ ಬಾಗಿಲಲ್ಲಿ ಗೊತ್ತಾಯಿತು. ಅವರು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಚೀಲದಿಂದ ಒಂದು ಬಾಟಲಿ ಕುಸುಬಿ ಎಣ್ಣೆ ತೆಗೆದರು. ನಮ್ಮ ಹೊಲದ ಹತ್ತಿಯಿಂದ ತಾವೇ ಹೊಸೆದ ಬತ್ತಿಗಳ ಪೊಟ್ಟಣವನ್ನೂ ತೆಗೆದರು. ಇಷ್ಟು ವರ್ಷ ಅಷ್ಟೆಲ್ಲ ಕೇಳಿಸಿಕೊಂಡಿದ್ದರೂ ದೀಪದ ಹತ್ತಿರ ಬರಿಗೈಯಲ್ಲಿ ಹೋಗಲು ಅವರಿಗೆ ಮನಸ್ಸು ಬಂದಿರಲಿಲ್ಲ. ಚೀಟಿ ಹರಿಯುವ ಮನುಷ್ಯ ನಕ್ಕುಬಿಟ್ಟ. "ಅಜ್ಜಾ, ಇದು ಈಗ ಉರಿಯುವುದಿಲ್ಲ. ಸುಮ್ಮನೆ ನೋಡಲಿಕ್ಕೆ ಇಟ್ಟದ್ದು" ಅಂದ. ಮಾವನವರ ಮುಖ ಸಣ್ಣದಾಯಿತು. ಆಗ ಅವಳು ಬಾಟಲಿ ಇಸಿದುಕೊಂಡಳು. ಕಬ್ಬಿಣದ ಬಾಗಿಲ ತಿರುಗಣಿಗಳಿಗೆ ಮೇಲೊಂದಿಷ್ಟು, ಕೆಳಗೊಂದಿಷ್ಟು ಎಣ್ಣೆ ಹನಿಸಿ, ಬಾಗಿಲನ್ನು ಎರಡು ಸಲ ಆಡಿಸಿದಳು. ಕಿರ್ರೆನ್ನುತ್ತಿದ್ದದ್ದು ನಿಂತಿತು. "ನಮ್ಮಪ್ಪ ಇದ್ದಾಗ ಇದು ಸಪ್ಪಳ ಮಾಡತಿದ್ದಿಲ್ರಿ ಮಾವಾರ. ಬರೋಬ್ಬರಿ ತಂದೀರಿ ನೋಡ್ರಿ" ಅಂದಳು. ಮಾವನವರು ಹಿಗ್ಗಿದರು. ನನಗೆ ಅದು ಹೊಳೆಯುತ್ತಿರಲಿಲ್ಲ, ಎಷ್ಟು ಓದಿದ್ದರೂ ಹೊಳೆಯುತ್ತಿರಲಿಲ್ಲ.

ಕೆಳಗಿನ ಕೋಣೆಯ ಗೋಡೆಯ ತುಂಬ ಗಾಜು ಹಾಕಿದ ಫೋಟೋಗಳಿದ್ದವು. ಟೋಪಿಯ ಸಾಹೇಬರು, ಕೋಟಿನ ಸಾಹೇಬರು, ಅವರ ಹೆಂಡಂದಿರು, ಒಬ್ಬರ ನಾಯಿ ಕೂಡ. ಎಣ್ಣೆ ಹೊತ್ತವರು ಒಬ್ಬರೂ ಇರಲಿಲ್ಲ. ಅವಳು ಪೂರ್ತಿ ಒಂದು ಸುತ್ತು ನೋಡಿ, ಸೆರಗಿನೊಳಗಿನಿಂದ ಬಟ್ಟೆ ಸುತ್ತಿದ ಆ ಫೋಟೋ ತೆಗೆದು ಚೀಟಿಯವನ ಮುಂದೆ ಹಿಡಿದಳು. ಅವನು ನೋಡಿ, ನಗು ಬಿಟ್ಟು, ಮೆತ್ತಗೆ ಹೇಳಿದ, "ಅಯ್ಯೋ ತಂಗೀ, ಆಗಲೇ ಕಳಿಸಬೇಕಿತ್ತಲ್ಲ. ಪೇಪರಿನಲ್ಲಿ ಹಾಕಿಸಿದ್ದರು. ಈಗ ಎಲ್ಲ ಮುಗಿದು ಹೋಯಿತು, ಮೇಲಿನವರು ಇನ್ನು ಒಪ್ಪುವುದಿಲ್ಲ. ನಿಮ್ಮೂರಿಗೆ ಪೇಪರು ಬರುವುದಿಲ್ಲವೋ?"

ಮಾವನವರು ನನ್ನ ಕಡೆ ತಿರುಗಿದರು. ಅವರು ಬಾಯಿ ತೆಗೆಯುವ ಮುಂಚೆ ಅವಳೇ, "ನಮ್ಮೂರಿಗೆ ದಿನಾ ಬರಂಗಿಲ್ರಿ. ಬಂದಿದ್ರ ನಮ್ಮಕ್ಕಾರ ಓದೇ ಓದತಿದ್ರು" ಎಂದು ಹೇಳಿ, ಫೋಟೋವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಮಾವನವರು ತಲೆಯಾಡಿಸಿದರು. ನಾನು ಗೋಡೆಯ ಫೋಟೋಗಳ ಕಡೆ ಮುಖ ತಿರುಗಿಸಿದೆ.

ಮಾವನವರೂ ಮೈದುನನೂ ಅರ್ಧಕ್ಕೆ ಕೂತರು. ನಾವಿಬ್ಬರೇ ಮೇಲಿನವರೆಗೆ ಹೋದೆವು. ಸುತ್ತು ಮೆಟ್ಟಿಲು, ಗಾಳಿಯಿಲ್ಲ, ನನ್ನ ತಲೆ ತಿರುಗುತ್ತಿತ್ತು. ನಾನು ಒಳಗೊಳಗೇ ಎಣಿಸುತ್ತಿದ್ದೆ. ನೂರಾ ಇಪ್ಪತ್ತಾರು. ಮೇಲೆ ಆ ಗಾಜು ಇತ್ತು, ಆಳೆತ್ತರ. ಸುತ್ತ ಪರದೆಯಿಲ್ಲದೆ ಬಿಸಿಲಿನಲ್ಲಿ ನಿಂತಿತ್ತು. ಅವಳು ಅದರ ಮುಂದೆ ನಿಂತಳು. ಹೊರಗೆ ಸಮುದ್ರ. ನಾನು ಮೊದಲ ಸಲ ನೋಡಿದ್ದು ಅದನ್ನು, ಆದರೆ ನಿಜ ಹೇಳಬೇಕೆಂದರೆ ನನಗೆ ಸಮುದ್ರ ನೆನಪೇ ಇಲ್ಲ.

"ನಾ ಓದಿದ್ದೆ" ಅಂದೆ. "ಓದಿ, ಬಿಟ್ಟೆ."

"ಗೊತ್ತೈತ್ರಿ" ಅಂದಳು.

"ಹೆಂಗ?"

"ಜ್ವಾಳದ ಡಬ್ಬಿ ತೊಳ್ಯಾಕ ತಗದಾಗ ಆ ಹಾಳಿ ನೋಡಿ, ಅಕ್ಷರಾ ಕೂಡಿಸಿ ಓದಿದೆ. ಅವಾಗ ಇನ್ನೂ ಎಂಟ ದಿನಾ ಇತ್ತು."

"ಮತ್ತ ಕಳಸಬೇಕಿತ್ತಲ್ಲ! ಯಾಕ ಸುಮ್ಮನಿದ್ದಿ?"

"ನಾ ಹೇಳಿದ್ರ ಮಾವಾರ ನಿಮ್ಮನ್ನ ಕೇಳತಿದ್ರು, ಯಾಕ ಓದಲಿಲ್ಲ ಅಂತ. ಇವತ್ತ ಓದತಾರ ಅಂತ ಕಾದೆ. ಇವತ್ತಲ್ಲ ಅಂದ್ರ ನಾಳೆ ಅಂದೆ. ಎಂಟೂ ದಿನಾ ಸಂಜಿಕ ರೊಟ್ಟಿ ಬಡಿಯೂದ ನಿಲ್ಲಿಸಿ ಕಿವಿಗೊಟ್ಟ ಕುಂತಿದ್ದೆರಿ ಅಕ್ಕಾ."

ನನಗೆ ಅಳು ಬಂತು. "ಸಿಟ್ಟ ಬರಲಿಲ್ಲೇನ ನನ್ನ ಮ್ಯಾಲ?"

"ಬಂದೈತಿ" ಅಂದಳು. "ಇನ್ನೂ ಐತಿ." ಆಮೇಲೆ ಕೈ ಚಾಚಿ, "ಹಿಡೀರಿ. ಇಳಿಯೂಮುಂದ ಕೆಳಗ ನೋಡಬ್ಯಾಡ್ರಿ, ತಲಿ ತಿರಗತೈತಿ" ಅಂದಳು. ಅಷ್ಟೂ ಮೆಟ್ಟಿಲು ಆ ಕೈ ಬಿಡಲಿಲ್ಲ.

ಊರಿಗೆ ಬಂದ ಮೇಲೆ, ಫೋಟೋ ಕೊಡು, ನಾನೇ ಅವರಿಗೆ ಪತ್ರ ಬರೆದು ಕಳಿಸುತ್ತೇನೆ ಎಂದು ಕೇಳಿದೆ. "ಇರ್ಲಿ ಬಿಡ್ರಿ. ನಮ್ಮಪ್ಪ ಇಲ್ಲೇ ಇರ್ಲಿ" ಅಂದಳು. ಆ ಸಂಜೆ ಮಾವನವರು ಎಂದಿನಂತೆ ಅಡಿಗೆಮನೆಯ ಕಡೆ ಕತ್ತು ಹೊರಳಿಸಿದರು. "ಅಕ್ಕಾರ ಪೇಪರ್ ಓದ್ಲಿ ತಡೀರಿ ಮಾವಾರ, ನಂದು ಹಿಟ್ಟ ಕಲಸೂದೈತಿ" ಎಂಬ ದನಿ ಒಳಗಿನಿಂದಲೇ ಬಂತು. ಮರುದಿನವೂ ಅದೇ. ನಾನಿರುವ ಕಡೆ ಅವಳು ಮತ್ತೆಂದೂ ದೀಪಸ್ತಂಭದ ಮಾತು ಎತ್ತಲಿಲ್ಲ. ಬೇರೆ ಏನೂ ಬದಲಾಗಲಿಲ್ಲ. ನಾನು ಟೈಫಾಯಿಡ್ ಜ್ವರದಲ್ಲಿ ಮಲಗಿದಾಗ ಇಪ್ಪತ್ತು ದಿನ ನನಗೆ ಗಂಜಿ ಕುಡಿಸಿದಳು. ಜಗಳವನ್ನೂ ಆಡಿದಳು, ನಗಿಸಿದಳು, ನನ್ನ ಮಗಳ ಮದುವೆಯಲ್ಲಿ ನನಗಿಂತ ಹೆಚ್ಚು ಓಡಾಡಿದಳು. ಆ ಒಂದು ಮಾತನ್ನು ಮಾತ್ರ ನನ್ನ ಮುಂದೆ ಆಡಲಿಲ್ಲ.

ನನ್ನ ತಾಸು ಇಡಿಯಾಗಿ ನನಗೆ ವಾಪಸು ಬಂದಿತ್ತು. ನನಗೆ ಬೇಕಾಗಿದ್ದದ್ದು ಅದೇ ತಾನೇ? ಆದರೆ ನಾನು ಶಾಲೆಯಿಂದ ಬರುವಾಗ ನಮ್ಮ ಕಟ್ಟೆಯ ಮೇಲೆ ಹೆಂಗಸರ ನಗು ಕೇಳುವುದು, ನನ್ನ ಚಪ್ಪಲಿಯ ಸಪ್ಪಳಕ್ಕೆ ಅದು ನಿಲ್ಲುವುದು. "ಏನ್ ಹೇಳಾಕ್ಹತ್ತಿದ್ದಿ?" ಎಂದರೆ, "ಏನಿಲ್ರಿ ಅಕ್ಕಾ, ಹಂಗ ಸುಮ್ನ" ಎಂದು ಎದ್ದು ಒಳಗೆ ಹೋಗುವಳು. ಮೊದಲು ಅವಳು ಹೇಳುತ್ತಾಳೆಂದು ಹೊಟ್ಟೆಕಿಚ್ಚುಪಡುತ್ತಿದ್ದವಳು ಆಮೇಲೆ ಕೇಳಿದವರನ್ನೆಲ್ಲ ಕಂಡು ಹೊಟ್ಟೆಕಿಚ್ಚುಪಟ್ಟೆ. ಬಳೆಗಾರ್ತಿಗೆ ಗೊತ್ತು, ಹಾಲು ಹಾಕುವವಳಿಗೆ ಗೊತ್ತು, ನನಗಿಲ್ಲ. ಎಷ್ಟೋ ಸಲ ಕೇಳಿಬಿಡಬೇಕು ಎನ್ನಿಸುತ್ತಿತ್ತು. ಓದಿದ ಸೊಸೆ ನಾನು, ಕೇಳಲು ನಾಲಿಗೆ ಏಳಲಿಲ್ಲ.

ಅವಳು ಹೋದ ಮೂರನೆಯ ದಿನ ಓಣಿಯ ಹೆಂಗಸರು ಮಾತಾಡಿಸಲು ಬಂದು ಪಡಸಾಲೆಯ ತುಂಬ ಕೂತಿದ್ದರು. ಅತ್ತಾದ ಮೇಲೆ ಒಬ್ಬೊಬ್ಬರೇ ಅವಳ ಮಾತು ತೆಗೆದರು. ಎಲ್ಲವೂ ದೀಪಸ್ತಂಭದವೇ. ಬಾಜು ಮನೆಯ ಕುರಿ ಕಾಯುವವರ ಸೊಸೆ ಮೂಗು ಒರೆಸಿಕೊಂಡು ಹೇಳಿದಳು, "ಒಬ್ಬ ಮೀನಗಾರ ವರ್ಷಕ್ಕೊಮ್ಮೆ ಒಂದ ತೆಂಗಿನಕಾಯಿ ತಂದು ಕೆಳಗಿನ ಮೆಟ್ಟಲ ಮ್ಯಾಲ ಇಟ್ಟ ಹೋಗತಿದ್ನಂತ. ಮಕಾ ತೋರಸ್ತಿದ್ದಿಲ್ಲಂತ. ಒಂದ ವರ್ಷ ಕಾಯಿ ಬರಲೇ ಇಲ್ಲಂತ. ಅವಾಗ ಇವರಪ್ಪ..." ಅಷ್ಟಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. "ನಾ ಏನ್ ಹೇಳಲಿ ಬಿಡ್ರಿ ಅಕ್ಕೋರ. ನಿಮ್ಮ ಮನ್ಯಾಗಿನ ಮಾತು, ನಿಮಗ ನನಕಿಂತ ಚೊಲೊ ಗೊತ್ತಿರತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಪಡಸಾಲೆಯಲ್ಲಿ ಆವರೆಗೆ ಓದಿ ಹೇಳಿದವಳು ನಾನು, ತಿದ್ದಿದವಳು ನಾನು.

"ನನಗ ಗೊತ್ತಿಲ್ಲಬೇ" ಅಂದೆ. "ನನಗ ಹೇಳಲಿಲ್ಲ ಆಕಿ."

ನಾನು ಕೂತಲ್ಲಿಂದ ಎದ್ದು, ಆ ಹುಡುಗಿಯ ಹತ್ತಿರ ಹೋಗಿ, ಅವಳ ಮುಂದೆ ನೆಲದ ಮೇಲೆ ಕೂತೆ.

"ಮುಂದ ಹೇಳು" ಅಂದೆ.